ಗಾಡಿಯ ಕೆಳಗಿನ ಹಸಿರು ಹನಿ

ಮಕ್ಕಳೇ,

ಬಸ್ ನಿಲ್ದಾಣಕ್ಕೋ ಸಂತೆಗೋ ಹೋದಾಗ ನಿಂತ ಗಾಡಿಗಳ ಕೆಳಗೆ ಎಂದಾದರೂ ಬಗ್ಗಿ ನೋಡಿದ್ದೀರಾ? ಗಾಡಿ ಹೋದ ಮೇಲೆ ಅದು ನಿಂತಿದ್ದ ಜಾಗದಲ್ಲಿ ಮಣ್ಣಿನ ಮೇಲೆ ಕೆಲವು ಕಲೆಗಳು ಉಳಿದಿರುತ್ತವೆ. ಕಪ್ಪು ಎಣ್ಣೆಯ ಕಲೆ, ಬರೀ ನೀರಿನ ಕಲೆ, ಕೆಲವೊಮ್ಮೆ ತೆಳು ಹಸಿರೋ ಗುಲಾಬಿಯೋ ಆದ ಕಲೆ. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಂಡಿರಲಿಲ್ಲ. ಕುರುಗೋಡಿನ ಏಳನೇ ತರಗತಿಯ ಒಬ್ಬ ಹುಡುಗಿ ತೆಗೆದುಕೊಂಡಳು. ಅವಳು ಕಂಡದ್ದು ಏನು? ಅದರ ಅರ್ಥವೇನು? ಬನ್ನಿ, ತಿಳಿಯೋಣ.

ಕೆಲವು ವರ್ಷಗಳ ಹಿಂದಿನ ಮಾತು. ಅಂದು ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದ ನೆನಪಿಗೆ ಈ ದಿನವನ್ನು ಆಚರಿಸುತ್ತೇವೆ. ಬಳ್ಳಾರಿಯ ಕಾರ್ಯಕ್ರಮಕ್ಕೆ ಮಕ್ಕಳು ಮಾಡಿದ ಮಾದರಿಗಳನ್ನು ಒಯ್ಯಬೇಕಿತ್ತು. ಸಿರುಗುಪ್ಪದಲ್ಲಿ ಒಂದು ಬಾಡಿಗೆ ಗಾಡಿ ಗೊತ್ತು ಮಾಡಿ, ಅಲ್ಲಿಯ ಮೂವರು ಮಕ್ಕಳೊಂದಿಗೆ ಬೆಳಿಗ್ಗೆ ಏಳಕ್ಕೆ ಹೊರಟೆ. ಗಾಡಿ ಹಳೆಯದು, ಡೀಸೆಲ್‌ನದು. ಚಾಲಕರೇ ಅದರ ಮಾಲೀಕರು. ಸಾಲ ಮಾಡಿ ಕೊಂಡದ್ದು, ಕಂತು ಇನ್ನೂ ತೀರಿಲ್ಲ ಎಂದು ದಾರಿಯಲ್ಲಿ ಹೇಳಿದರು. ಬೆಳಗಿನ ತಂಗಾಳಿ, ರಸ್ತೆಯ ಪಕ್ಕದಲ್ಲಿ ತುಂಗಭದ್ರಾ ಕಾಲುವೆಯ ನೀರು ಕುಡಿದು ನಿಂತ ಭತ್ತದ ಗದ್ದೆಗಳು. ಕಿಟಕಿಗಳನ್ನೆಲ್ಲ ತೆರೆದುಕೊಂಡೇ ಬಂದೆವು.

ಕುರುಗೋಡಿನಲ್ಲಿ ಇನ್ನೂ ಮೂವರು ಹತ್ತಬೇಕಿತ್ತು. ರಟ್ಟಿನ ಜ್ವಾಲಾಮುಖಿ, ಬಾಟಲಿಯ ಮಳೆಮಾಪಕ, ಗಾಳಿಯಂತ್ರ ಎಲ್ಲವನ್ನೂ ಹತ್ತಿಸುವಷ್ಟರಲ್ಲಿ ಗಾಡಿ ಶಾಲೆಯ ಅಂಗಳದಲ್ಲಿ ಹತ್ತು ನಿಮಿಷ ನಿಂತಿತು. ಮಳೆಮಾಪಕದ ಹುಡುಗಿ ಹತ್ತಲಿಲ್ಲ. ಗಾಡಿಯ ಮುಂದೆ ಕುಳಿತು ನೆಲ ನೋಡುತ್ತಿದ್ದಳು.

"ಮಾಮಾ, ಗಾಡಿ ಕೆಳಗ ನೀರು ಸೋರೈತಿ. ಹಸರು ಐತಿ ನೋಡ್ರಿ."

"ಅದು ಎ.ಸಿ. ನೀರವ್ವಾ. ಏನಾಗಲ್ಲ, ಹತ್ತು ಹತ್ತು."

"ಎ.ಸಿ. ಹಾಕೇ ಇಲ್ಲಲ್ಲ ಮಾಮಾ. ಕಿಟಕಿ ತಕ್ಕೊಂಡು ಬಂದೀರಿ."

ಎಲ್ಲರೂ ನಕ್ಕರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವನು. ನಾನೂ ನಕ್ಕೆ. ಗಾಡಿ ಹೊರಟಿತು.

ಇಂಜಿನಿಗೆ ನೀರೇಕೆ?

ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಇಂಜಿನಿನ ಒಳಗೆ ಒಮ್ಮೆ ಇಣುಕೋಣ. ಇಂಜಿನ್ ಎಂದರೆ ಬೆಂಕಿಯನ್ನು ಪೆಟ್ಟಿಗೆಯೊಳಗೆ ಇಟ್ಟು ಕೆಲಸ ಮಾಡಿಸುವ ಉಪಾಯ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಅಲ್ಲಿಯ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದರೆ ಆ ಅನಿಲವನ್ನು ತಳ್ಳಿಸಿಕೊಳ್ಳುವ ಪಿಸ್ಟನ್ ಬಹುತೇಕ ಗಾಡಿಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ! ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇಂಥ ಉರಿ ಸೆಕೆಂಡಿಗೆ 100 ಬಾರಿ ಹೊತ್ತುತ್ತದೆ. ಹಾಗಿದ್ದೂ ಪಿಸ್ಟನ್ ಏಕೆ ಕರಗುವುದಿಲ್ಲ? ಉರಿ ಒಂದು ಕ್ಷಣದ್ದು. ಅದು ಬಿಟ್ಟುಹೋದ ಉಷ್ಣವನ್ನು ಯಾರೋ ಹೊತ್ತುಕೊಂಡು ಹೋಗುತ್ತಿದ್ದಾರೆ. ಆ ಹಮಾಲಿಯೇ ನೀರು.

ಇಂಧನದಿಂದ ಬರುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ನೀರು ಹೊರಬೇಕು. ನೀರನ್ನೇ ಏಕೆ ಆರಿಸಿಕೊಂಡರು? ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣದಿಂದ ಒಂದು ಕಿಲೋಗ್ರಾಂ ಕಬ್ಬಿಣದ ತಾಪವನ್ನು ಒಂಬತ್ತು ಡಿಗ್ರಿ ಏರಿಸಬಹುದು. ಅಂದರೆ ನೀರು ಬಹಳ ಉಷ್ಣವನ್ನು ನುಂಗಿಯೂ ಸ್ವಲ್ಪವೇ ಬಿಸಿಯಾಗುತ್ತದೆ. ಇದನ್ನೇ ನೀರಿನ ವಿಶಿಷ್ಟೋಷ್ಣ ಹೆಚ್ಚು ಎನ್ನುತ್ತೇವೆ.

ಸಿಲಿಂಡರುಗಳ ಸುತ್ತ ನೀರು ಹರಿಯಲು ದಾರಿಗಳಿವೆ. ಅಲ್ಲಿ ಬಿಸಿಯಾದ ನೀರು ಗಾಡಿಯ ಮುಂಭಾಗದಲ್ಲಿರುವ ರೇಡಿಯೇಟರಿಗೆ ಬಂದು, ತೆಳ್ಳನೆಯ ಕೊಳವೆಗಳಲ್ಲಿ ಇಳಿಯುತ್ತ ಗಾಳಿಗೆ ಉಷ್ಣ ಕೊಟ್ಟು ತಣಿಯುತ್ತದೆ. ಮತ್ತೆ ಇಂಜಿನಿಗೆ ಮರಳುತ್ತದೆ. ಗಾಡಿಯಲ್ಲಿ ಇರುವುದು ಐದಾರು ಲೀಟರ್ ನೀರು, ಅಷ್ಟೇ. ರಸ್ತೆಯಲ್ಲಿ ಓಡುವಾಗ ಅದೇ ನೀರು ನಿಮಿಷಕ್ಕೆ ಹತ್ತು ಬಾರಿಗೂ ಹೆಚ್ಚು ಸುತ್ತು ಹಾಕುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ನೀರು ಇದ್ದರೆ ಸಾಲದು, ಹರಿಯಬೇಕು. ತುಂಗಭದ್ರಾ ಜಲಾಶಯದಲ್ಲಿ ಎಷ್ಟೇ ನೀರಿರಲಿ, ಕಾಲುವೆಯಲ್ಲಿ ಹರಿದು ಬಾರದಿದ್ದರೆ ಸಿರುಗುಪ್ಪದ ಗದ್ದೆ ಒಣಗುತ್ತದೆ. ಇಂಜಿನಿನೊಳಗೆ ನೀರು ನಿಂತರೆ ಅದು ನಿಂತಲ್ಲೇ ಕುದಿಯುತ್ತದೆ. ಹಾಗಾಗದಂತೆ ನೀರನ್ನು ಓಡಿಸುವುದೇ ವಾಟರ್ ಪಂಪಿನ ಕೆಲಸ.

ಪಂಪಿಲ್ಲದೆ ಓಡಿದ ಕಾರುಗಳೂ ಇದ್ದವು. ಅಮೆರಿಕದಲ್ಲಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಮೊದಲ ಕೆಲವನ್ನು ಬಿಟ್ಟರೆ, ವಾಟರ್ ಪಂಪ್ ಇರಲಿಲ್ಲ. ಬಿಸಿ ನೀರು ಹಗುರ, ಮೇಲೇರುತ್ತದೆ. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಈ ಉಷ್ಣ ಸಂವಹನದಿಂದಲೇ ನೀರು ತಾನಾಗಿ ಸುತ್ತುತ್ತಿತ್ತು. ಹೊಲದಲ್ಲಿ ಹಳೆಯ ಡೀಸೆಲ್ ಇಂಜಿನಿನ ಪಕ್ಕ ನೀರಿನ ಡ್ರಮ್ ಇಟ್ಟಿದ್ದನ್ನು ನಿಮ್ಮ ತಾತ ನೋಡಿರುತ್ತಾರೆ, ಕೇಳಿ. ಅಲ್ಲಿಯೂ ಇದೇ ಉಪಾಯ. ಆದರೆ ಈಗಿನ ಇಂಜಿನುಗಳು ಚಿಕ್ಕವು, ವೇಗ ಹೆಚ್ಚು. ಅಷ್ಟು ನಿಧಾನದ ನೀರು ಅವಕ್ಕೆ ಸಾಲದು.

ಪಂಪ್‌ಸೆಟ್ಟಿನ ತಮ್ಮ

ಕಾರಿನ ವಾಟರ್ ಪಂಪ್ ನಿಮಗೆ ಹೊಸದಲ್ಲ. ಅದು ಹೊಲದ ಪಂಪ್‌ಸೆಟ್ಟಿನ ತಮ್ಮ. ಎರಡೂ ಕೇಂದ್ರಾಪಗಾಮಿ ಪಂಪುಗಳೇ. ಒಳಗೆ ರೆಕ್ಕೆಗಳಿರುವ ಒಂದು ಚಕ್ರ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಇಂಪೆಲ್ಲರ್ ಎನ್ನುತ್ತಾರೆ. ಚಕ್ರ ತಿರುಗಿದಾಗ ನಡುವಿನ ನೀರು ಅಂಚಿಗೆ ಎಸೆಯಲ್ಪಡುತ್ತದೆ, ನಡುವೆ ಖಾಲಿಯಾದ ಜಾಗಕ್ಕೆ ಹೊಸ ನೀರು ನುಗ್ಗುತ್ತದೆ. ಒದ್ದೆ ಕೊಡೆಯನ್ನು ಗರ್ರನೆ ತಿರುಗಿಸಿ ಗೆಳೆಯರ ಮೇಲೆ ಹನಿ ಸಿಡಿಸಿದ್ದೀರಲ್ಲ, ಅದೇ ತತ್ತ್ವ.

ಪಂಪ್‌ಸೆಟ್ಟನ್ನು ಕರೆಂಟು ತಿರುಗಿಸುತ್ತದೆ. ಕಾರಿನ ಪಂಪನ್ನು ಇಂಜಿನ್ನೇ ಒಂದು ಬೆಲ್ಟಿನ ಮೂಲಕ ತಿರುಗಿಸುತ್ತದೆ. ಬೆಲ್ಟು ಸುತ್ತುವ ಪುಲ್ಲಿ ಹೊರಗೆ, ರೆಕ್ಕೆಯ ಚಕ್ರ ಒಳಗೆ ನೀರಿನಲ್ಲಿ. ಎರಡನ್ನೂ ಸೇರಿಸುವುದು ಒಂದು ಉಕ್ಕಿನ ದಂಡ. ದಂಡ ಸಲೀಸಾಗಿ ತಿರುಗಲು ಬೇರಿಂಗ್, ದಂಡದ ಗುಂಟ ನೀರು ಹೊರಗೆ ಬರದಂತೆ ತಡೆಯಲು ಸೀಲ್. ಕೆಡುವುದೆಲ್ಲ ಹೆಚ್ಚಾಗಿ ಈ ಮೂರರಲ್ಲೇ: ಸೀಲ್, ಬೇರಿಂಗ್, ರೆಕ್ಕೆ.

ಪಂಪನ್ನು ರೂಪಿಸಿದವರು ಒಂದು ಜಾಣತನ ಮಾಡಿದ್ದಾರೆ. ಸೀಲಿಗೂ ಬೇರಿಂಗಿಗೂ ನಡುವೆ, ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಬಿಟ್ಟಿದ್ದಾರೆ. ಸೀಲ್ ಸವೆದು ನೀರು ಜಿನುಗತೊಡಗಿದರೆ, ಅದು ಬೇರಿಂಗಿಗೆ ಹೋಗಿ ಗ್ರೀಸನ್ನು ತೊಳೆದುಹಾಕದೆ ಈ ತೂತಿನಿಂದ ಹೊರಗೆ ಬೀಳುತ್ತದೆ. ಬೇರಿಂಗಿಗೂ ರಕ್ಷಣೆ, ನೋಡುವವರಿಗೂ ಸೂಚನೆ. ಕುರುಗೋಡಿನ ಮಣ್ಣಿನ ಮೇಲೆ ಆ ದಿನ ಬಿದ್ದದ್ದು ಇದೇ ತೂತಿನ ಹನಿ.

ಹಾಗಾದರೆ ಪಂಪ್‌ಸೆಟ್ಟೂ ಹನಿಯುತ್ತದಲ್ಲ, ಅದೇನು ಕೆಟ್ಟಿದೆಯೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ! ಹೊಲದ ಹಲವು ಪಂಪುಗಳಲ್ಲಿ ದಂಡದ ಸುತ್ತ ಹಗ್ಗದಂಥ ಪ್ಯಾಕಿಂಗ್ ಇರುತ್ತದೆ. ಅಲ್ಲಿ ಹನಿ ಹನಿಯಾಗಿ ನೀರು ಬೀಳಲೇಬೇಕು, ಆ ನೀರೇ ಪ್ಯಾಕಿಂಗನ್ನು ತಣ್ಣಗಿಡುತ್ತದೆ. ಪೂರ್ತಿ ಬಿಗಿದರೆ ಅದು ಸುಟ್ಟುಹೋಗುತ್ತದೆ. ಕಾರಿನ ಪಂಪಿನ ಸೀಲ್ ಬೇರೆ ಜಾತಿಯದು. ಅಣ್ಣನಿಗೆ ಹನಿ ಆರೋಗ್ಯದ ಲಕ್ಷಣ, ತಮ್ಮನಿಗೆ ರೋಗದ ಲಕ್ಷಣ.

ಹನಿ, ಪೊರೆ, ಸದ್ದು

ಈಗ ಹುಡುಗಿಯ ತರ್ಕಕ್ಕೆ ಬರೋಣ. ಎ.ಸಿ. ಹಾಕಿದ ಗಾಡಿಯ ಕೆಳಗೆ ನೀರು ಬೀಳುವುದು ನಿಜ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದಿಲ್ಲವೇ? ಹಾಗೆಯೇ ಎ.ಸಿ.ಯ ತಣ್ಣನೆಯ ಕೊಳವೆಗಳ ಮೇಲೆ ಗಾಳಿಯ ತೇವಾಂಶ ನೀರಾಗುತ್ತದೆ. ಆ ನೀರು ತಿಳಿ, ಬಣ್ಣವಿಲ್ಲ, ವಾಸನೆಯಿಲ್ಲ, ಒಣಗಿದರೆ ಕಲೆಯಿಲ್ಲ. ಪಂಪಿನಿಂದ ಸೋರುವುದು ಬರೀ ನೀರಲ್ಲ, ಕೂಲೆಂಟ್ ಬೆರೆತ ನೀರು. ಅದಕ್ಕೆ ಹಸಿರು, ಗುಲಾಬಿ, ಕಿತ್ತಳೆ ಹೀಗೆ ಬಣ್ಣ ಹಾಕಿರುತ್ತಾರೆ. ಮುಟ್ಟಿದರೆ ಕೊಂಚ ಜಾರು, ವಾಸನೆ ಸಿಹಿ. ಗಾಡಿಯ ಮುಂಭಾಗದಲ್ಲಿ, ಇಂಜಿನಿನ ಕೆಳಗೆ ಬೀಳುತ್ತದೆ. ಎ.ಸಿ. ಹಾಕಿಲ್ಲ, ಆದರೂ ನೀರು ಬಿದ್ದಿದೆ, ಅದಕ್ಕೆ ಬಣ್ಣವೂ ಇದೆ. ಹಾಗಾದರೆ ಅದು ಎ.ಸಿ. ನೀರಲ್ಲ. ಎಷ್ಟು ನೇರವಾದ ತರ್ಕ ನೋಡಿ!

ಒಂದು ಎಚ್ಚರಿಕೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಇರುತ್ತದೆ. ರುಚಿ ಸಿಹಿ, ಆದರೆ ವಿಷ. ನೆಲಕ್ಕೆ ಬಿದ್ದದ್ದನ್ನು ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ. ಆದ್ದರಿಂದ ಕಣ್ಣಿನಿಂದ ನೋಡಿ, ಬಾಯಿಗೆ ಬೇಡ. ಕೈಗೆ ತಾಗಿದರೆ ಸೋಪಿನಿಂದ ತೊಳೆಯಿರಿ. ಬಿದ್ದ ಜಾಗದ ಮೇಲೆ ಮಣ್ಣು ಎಳೆಯಿರಿ.

ಸೋರಿಕೆ ಬಹಳ ಸಣ್ಣದಾದರೆ ಹನಿ ನೆಲ ಮುಟ್ಟುವುದೇ ಇಲ್ಲ. ಬಿಸಿ ಪಂಪಿನ ಮೈಮೇಲೆಯೇ ಆರಿಹೋಗಿ ಬಿಳಿ ಅಥವಾ ಹಸಿರು ಪೊರೆ ಕಟ್ಟುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಕಟ್ಟುವ ಹೊಟ್ಟಿನಂತೆ. ಇಂಜಿನ್ ತಣ್ಣಗಿದ್ದಾಗ ಟಾರ್ಚ್ ಹಿಡಿದು ನೋಡಿದರೆ ಕಾಣುತ್ತದೆ. ಇನ್ನೊಂದು ಗುರುತು, ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯ ಮಟ್ಟ ವಾರದಿಂದ ವಾರಕ್ಕೆ ಇಳಿಯುವುದು. ಮುಚ್ಚಿದ ವ್ಯವಸ್ಥೆ ಅದು. ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಇನ್ನು ಸದ್ದು. ಬೇರಿಂಗಿನ ಗ್ರೀಸ್ ಹೋದಾಗ ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕುಂಯ್ ಎನ್ನುತ್ತದೆ. ಕೆಲವು ದಿನ ಕಳೆದರೆ ಗರಗರ ಆಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸದ್ದೂ ಏರುತ್ತದೆ, ಏಕೆಂದರೆ ಪಂಪು ಇಂಜಿನಿನ ಜೊತೆಗೇ ತಿರುಗುವುದು. ಗಾಡಿ ನಿಂತಿದ್ದರೂ ಇಂಜಿನ್ ಓಡುತ್ತಿದ್ದರೆ ಸದ್ದು ಇರುತ್ತದೆ, ಹೀಗಾಗಿ ಅದು ಗಾಲಿಯ ಸದ್ದಲ್ಲ ಎಂದು ತಿಳಿಯಬಹುದು. ಬೆಲ್ಟು ಸಡಿಲಾದರೂ ಇಂಥದೇ ಕಿರುಚು ಬರುತ್ತದೆ. ಬೇರೆ ಮಾಡಿ ತಿಳಿಯಲು ಹಳೆಯ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಒತ್ತುತ್ತಾರೆ. ಗಾಳಿಗಿಂತ ಉಕ್ಕಿನಲ್ಲಿ ಶಬ್ದ ಚೆನ್ನಾಗಿ ಸಾಗುತ್ತದೆ. ವೈದ್ಯರ ಸ್ಟೆತಾಸ್ಕೋಪ್ ಹಾಗೆ! ನೀವು ಇದನ್ನು ಓಡುವ ಇಂಜಿನಿನ ಮೇಲೆ ಮಾಡಬೇಡಿ. ತಿರುಗುವ ಬೆಲ್ಟಿನ ಬಳಿ ಕೈ, ಜಡೆ, ದುಪಟ್ಟಾ ಯಾವುದೂ ಹೋಗಬಾರದು.

ಇಂಜಿನ್ ನಿಂತಾಗ ಮೆಕ್ಯಾನಿಕ್ ಪುಲ್ಲಿಯನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿ ನೋಡುತ್ತಾರೆ. ಸೈಕಲ್ಲಿನ ಚಕ್ರ ಲೊಡಲೊಡ ಅಂದರೆ ಕೋನ್ ಸಡಿಲಾಗಿದೆ ಎನ್ನುತ್ತೀರಲ್ಲ, ಹಾಗೆ.

ಚಳಿದೇಶಗಳಲ್ಲಿ ಇನ್ನೊಂದು ಗುರುತನ್ನೂ ಹೇಳುತ್ತಾರೆ. ಕಾರಿನ ಹೀಟರಿನಿಂದ ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬರುತ್ತದಂತೆ, ಏಕೆಂದರೆ ಹೀಟರಿಗೆ ಬಿಸಿನೀರು ಕಳಿಸುವುದೂ ಇದೇ ಪಂಪು. ನಮ್ಮ ಬಳ್ಳಾರಿಯಲ್ಲಿ ಹೀಟರ್ ಹಾಕುವವರು ಯಾರಿದ್ದಾರೆ? ಮುಂದೆ ಹೋಗೋಣ.

ಮುಳ್ಳು ಇಳಿದಾಗ

ಬೆಳಿಗ್ಗೆ ತಂಪಿನಲ್ಲಿ ಬಳ್ಳಾರಿ ತಲುಪಿದೆವು. ಮೋತಿ ವೃತ್ತದಲ್ಲಿ ಗಾಡಿ ನಿಂತಾಗ ಮುಂದಿನಿಂದ ಕುಂಯ್ ಎಂಬ ಸದ್ದು ಕೇಳಿತು. ಚಾಲಕರು ರೇಡಿಯೋ ಜೋರು ಮಾಡಿದರು. ಕಾರ್ಯಕ್ರಮ ಚೆನ್ನಾಗಿ ನಡೆಯಿತು, ಮಳೆಮಾಪಕಕ್ಕೆ ಬಹುಮಾನವೂ ಬಂತು. ಎರಡು ಗಂಟೆಗೆ ಮರಳಿ ಹೊರಟೆವು. ಫೆಬ್ರವರಿ ಕೊನೆಯೇ ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಊರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುವುದು ಸುಮ್ಮನಲ್ಲ.

ಹದಿನೈದು ಕಿ.ಮೀ. ಬಂದಿರಬೇಕು. ನಾನು ಮುಂದಿನ ಸೀಟಿನಲ್ಲಿದ್ದೆ. ಚಾಲಕರ ಎದುರಿಗಿರುವ ತಾಪದ ಮುಳ್ಳು ನಡುವಿನಿಂದ ಮೇಲೆ ಏರತೊಡಗಿತು. ಕೆಂಪು ಗೆರೆಯ ಹತ್ತಿರ ಬಂತು. "ಕುರುಗೋಡು ಇಲ್ಲೇ ಐತಿ, ಅಲ್ಲಿ ನೀರು ಹಾಕಿದ್ರಾತು" ಎಂದರು. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿ ಕೆಳಗಿಳಿಯಿತು. "ಇಳೀತು ನೋಡ್ರಿ ಸಾರ್!" ಎಂದು ಸಂತೋಷಪಟ್ಟರು. ನನಗೂ ನಿರಾಳವಾಯಿತು.

ಮಕ್ಕಳೇ, ಇಲ್ಲಿಯೇ ನಾವು ಮೋಸಹೋದದ್ದು. ಮುಳ್ಳಿಗೆ ತಾಪ ಹೇಳುವ ಸಂವೇದಕ ನೀರಿನಲ್ಲಿ ಮುಳುಗಿರುತ್ತದೆ. ನೀರಿನ ತಾಪವನ್ನಷ್ಟೇ ಅದು ಬಲ್ಲದು. ನೀರು ಸೋರಿ ಮಟ್ಟ ಇಳಿದು ಸಂವೇದಕ ಬಯಲಾದರೆ, ಅದರ ಸುತ್ತ ಇರುವುದು ಆವಿ ಮತ್ತು ಗಾಳಿ. ಅವು ಅದಕ್ಕೆ ಉಷ್ಣವನ್ನು ನೀರಿನಷ್ಟು ಚೆನ್ನಾಗಿ ಮುಟ್ಟಿಸುವುದಿಲ್ಲ. ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಇಳಿಯಬಹುದು. ಜ್ವರದ ಮಗುವಿನ ನಾಲಗೆಯಡಿಯಿಂದ ಥರ್ಮಾಮೀಟರ್ ತೆಗೆದು ಗಾಳಿಯಲ್ಲಿ ಹಿಡಿದು, ಜ್ವರ ಇಳಿಯಿತು ಎಂದಂತೆ! ಕೆಂಪಿಗೆ ಏರಿದ ಮುಳ್ಳು, ಗಾಡಿಯನ್ನು ನಿಲ್ಲಿಸದೆಯೇ ತಟ್ಟನೆ ಇಳಿದರೆ ಅದು ಸಮಾಧಾನದ ಸುದ್ದಿಯಲ್ಲ.

ಐದು ನಿಮಿಷವೂ ಆಗಲಿಲ್ಲ. ಬಾನೆಟ್ಟಿನ ಅಂಚಿನಿಂದ ಆವಿ, ಸುಟ್ಟ ವಾಸನೆ, ಇಂಜಿನ್ನಿನ ಸದ್ದು ಭಾರವಾಯಿತು, ಕಟ್ ಎಂದು ನಿಂತಿತು. ಇಂಜಿನ್ ಸೀಜ್ ಆಗಿತ್ತು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ ಸಂದು ಮುಚ್ಚಿತು, ಪಿಸ್ಟನ್ ಕಚ್ಚಿಕೊಂಡಿತು.

ರಸ್ತೆ ಬದಿಯಲ್ಲಿ ಮೆಣಸಿನಕಾಯಿ ಒಣಹಾಕಿದ ಕಣ. ಅದರ ಪಕ್ಕ ಆರು ಮಕ್ಕಳು ಮಾದರಿಗಳನ್ನು ಇಳಿಸಿಕೊಂಡು ನಿಂತರು. ಚಾಲಕರು ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಆಗ ಅಲ್ಲಿ ನಿಲ್ಲಿಸಿದ ಲಾರಿಯವರೊಬ್ಬರು, "ಬಿಡ್ರೀ! ಮುಖ ಸುಟ್ಟೀತು!" ಎಂದು ಕೂಗುತ್ತ ಓಡಿಬಂದರು. ಅವರು ಕೂಗಿದ್ದೇ ಒಳ್ಳೆಯದಾಯಿತು.

ಮುಚ್ಚಳದ ಕಥೆ ಇದು. ಪ್ರೆಷರ್ ಕುಕ್ಕರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಒತ್ತಡ ಹೆಚ್ಚಿದ್ದರಿಂದ ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವೂ ಅಂಥದೇ ಒತ್ತಡವನ್ನು ಹಿಡಿದಿಡುತ್ತದೆ. ಬಿಸಿ ಇರುವಾಗ ತೆರೆದರೆ ಒತ್ತಡ ಒಮ್ಮೆಲೇ ಇಳಿದು, 100 ಡಿಗ್ರಿ ದಾಟಿದ ನೀರು ಕ್ಷಣದಲ್ಲಿ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ 1600 ಲೀಟರಿಗೂ ಹೆಚ್ಚು ಜಾಗ ಬೇಕು! (ಕುತೂಹಲದ ಸಂಗತಿ ಎಂದರೆ, 1679ರಲ್ಲಿ ಕುಕ್ಕರಿನ ಮೂಲರೂಪವನ್ನು ಮಾಡಿದ ಫ್ರಾನ್ಸಿನ ಡೆನಿಸ್ ಪಾಪಿನ್ ಅವರೇ ಆ ಶತಮಾನದ ಕೊನೆಯಲ್ಲಿ ರೆಕ್ಕೆಯ ಕೇಂದ್ರಾಪಗಾಮಿ ಪಂಪನ್ನೂ ಮಾಡಿದರು. ಮುಚ್ಚಳವೂ ಪಂಪೂ ಒಂದೇ ಮನೆಯವು.)

ಹುಡುಗಿ "ನಾನು ಹೇಳಿರಲಿಲ್ಲವೇ" ಎನ್ನಲಿಲ್ಲ. ತನ್ನ ಕುಡಿಯುವ ನೀರಿನ ಬಾಟಲಿಯನ್ನು ಚಾಲಕರಿಗೆ ಕೊಟ್ಟು, "ಇದನ್ನ ಹಾಕ್ರಿ ಮಾಮಾ" ಎಂದಳು. ಲಾರಿಯವರು ಅದನ್ನೂ ತಡೆದರು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಒಂದು ಕಡೆ ತಟ್ಟನೆ ಕುಗ್ಗಿ ಬಿರುಕು ಬಿಡುತ್ತದೆ. ಬಿಸಿ ಚಿಮಣಿ ಗಾಜಿಗೆ ನೀರು ಸಿಡಿದರೆ ಸೀಳುವ ಹಾಗೆ. ಚಾಲಕರು ಆ ನೀರನ್ನು ಕುಡಿದು, ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾನು ಮಕ್ಕಳನ್ನು ಬಸ್ಸಿಗೆ ಹತ್ತಿಸಿದೆ.

ಬಿಚ್ಚಿದ ಪಂಪು

ಆ ವಾರ ಬಳ್ಳಾರಿಯಲ್ಲಿ ಮೆಕ್ಯಾನಿಕ್ ಇಂಜಿನ್ ಬಿಚ್ಚುವಾಗ ನಾನೂ ಹೋಗಿದ್ದೆ. ನಾಚಿಕೆಯೂ ಇತ್ತು, ಕಲಿಯುವ ಆಸೆಯೂ ಇತ್ತು. ಅವರು ಪಂಪನ್ನು ನನ್ನ ಕೈಗಿಟ್ಟರು. ದಂಡವನ್ನು ಅಲುಗಾಡಿಸಿದರೆ ಟಕಟಕ ಎಂದಿತು. ಸೀಲ್ ಸವೆದು ಅಂಚು ಹರಿದಿತ್ತು. ಸಣ್ಣ ತೂತಿನ ಕೆಳಗೆ ಹಸಿರು ಪೊರೆ ಕಟ್ಟಿತ್ತು, ಒಂದೆರಡು ದಿನದ್ದಲ್ಲ. ರೆಕ್ಕೆಗಳು ಇಲಿ ತಿಂದ ರೊಟ್ಟಿಯಂತಿದ್ದವು.

"ಯಾವ ನೀರು ಹಾಕ್ತಿದ್ರಿ?" ಎಂದು ಅವರು ಚಾಲಕರನ್ನು ಕೇಳಿದರು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಬೋರಿನ ನೀರು. ಬೋರ್ ನೀರಿನಲ್ಲಿ ಲವಣಗಳು ಹೆಚ್ಚು. ಬಿಸಿಯಾದಾಗ ಅವು ಗಸಿಯಾಗಿ ದಾರಿಗಳಲ್ಲಿ ಕೂರುತ್ತವೆ, ಗಸಿಯ ಕಣ ಸೀಲನ್ನು ಉಜ್ಜುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಪದಾರ್ಥ ಇರುತ್ತದೆ, ಬೋರ್ ನೀರು ಬೆರೆಸುತ್ತ ಹೋದರೆ ಅದು ತೆಳುವಾಗುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಕೂಲೆಂಟನ್ನೇ ಹಾಕಬೇಕು, ಬೆರೆಸುವುದಿದ್ದರೆ ಬಟ್ಟಿ ಇಳಿಸಿದ ನೀರು.

ರೆಕ್ಕೆ ಸವೆದ ಪಂಪು ಒಂದು ವಿಚಿತ್ರ ರೋಗಿ. ಸೋರುವುದಿಲ್ಲ, ಸದ್ದು ಮಾಡುವುದಿಲ್ಲ, ಪುಲ್ಲಿ ಚೆನ್ನಾಗಿಯೇ ತಿರುಗುತ್ತದೆ. ಆದರೆ ನೀರನ್ನು ತಳ್ಳುವುದಿಲ್ಲ. ಏರು ರಸ್ತೆಯಲ್ಲಿ, ಭಾರ ಹೊತ್ತಾಗ, ಮುಳ್ಳು ಏರುವುದೊಂದೇ ಗುರುತು. ನೀರಿನ ಮಟ್ಟ ಇಳಿದು ಪಂಪಿನೊಳಗೆ ಗಾಳಿ ಸೇರಿದರೂ ಹೀಗೇ ಆಗುತ್ತದೆ. ನೀರು ತುಂಬದೆ ಚಾಲೂ ಮಾಡಿದ ಪಂಪ್‌ಸೆಟ್ ಬರೀ ತಿರುಗುತ್ತದಲ್ಲ, ಹಾಗೆ.

ಸಿಲಿಂಡರಿನ ಮೇಲಿನ ಹೆಡ್ ಕಾದು ಬಾಗಿತ್ತು, ಅದರಡಿಯ ಗ್ಯಾಸ್ಕೆಟ್ ಸುಟ್ಟಿತ್ತು, ನೀರು ಬೆರೆತ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೊಸ ಪಂಪಿನ ಬೆಲೆ ಒಟ್ಟು ಖರ್ಚಿನ ಹತ್ತನೆಯ ಒಂದು ಪಾಲೂ ಇರಲಿಲ್ಲ. ಗಾಡಿ ಮೂರು ವಾರ ಅಲ್ಲಿಯೇ ನಿಂತಿತು. ಅಷ್ಟರಲ್ಲಿ ಜಾತ್ರೆಯ ಬಾಡಿಗೆಗಳೆಲ್ಲ ಕೈತಪ್ಪಿದವು, ಕಂತು ಮಾತ್ರ ನಿಲ್ಲಲಿಲ್ಲ.

ಇಷ್ಟು ನೆನಪಿರಲಿ

ನೀವು ಹೋಗುತ್ತಿರುವ ಗಾಡಿಯ ಮುಳ್ಳು ಕೆಂಪಿಗೆ ಏರಿದ್ದು ಕಂಡರೆ ದೊಡ್ಡವರಿಗೆ ಹೇಳಿ. ಎ.ಸಿ. ಇದ್ದರೆ ಆರಿಸಿ, ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ಆವಿ ನಿಂತ ಮೇಲೆ ಬಾನೆಟ್ ತೆರೆಯಬಹುದು. ಮುಚ್ಚಳ ಮುಟ್ಟಲು ಅರ್ಧ ಗಂಟೆಯಾದರೂ, ಬಳ್ಳಾರಿ ಬಿಸಿಲಿನಲ್ಲಿ ಇನ್ನೂ ಹೆಚ್ಚು, ಕಾಯಬೇಕು. ಅದನ್ನು ತೆರೆಯುವ ಕೆಲಸ ಮಕ್ಕಳದ್ದಲ್ಲ. ಯಾರಿಗಾದರೂ ಆವಿ ತಾಗಿ ಸುಟ್ಟರೆ ಶಾಯಿ, ಟೂತ್‌ಪೇಸ್ಟ್ ಹಚ್ಚಬೇಡಿ. 20 ನಿಮಿಷ ಹರಿಯುವ ತಣ್ಣೀರು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದಿನ ಅನೇಕ ಕಾರುಗಳಲ್ಲಿ ಪಂಪು ಮುಚ್ಚಳದ ಒಳಗೆ, ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಆ ಬೆಲ್ಟು ಬದಲಿಸುವಾಗ ಪಂಪನ್ನೂ ಬದಲಿಸಿಬಿಡುವ ರೂಢಿಯಿದೆ. ವಿದ್ಯುತ್ ಕಾರುಗಳಿಗೆ ಇಂಜಿನ್ ಇಲ್ಲ, ಆದರೂ ಹಲವು ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸಲು ಮೋಟಾರಿನಿಂದ ತಿರುಗುವ ಪುಟ್ಟ ಪಂಪು ಇದ್ದೇ ಇದೆ.

ಮಾಡಿ ನೋಡಿ

ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲಿನ ಅರ್ಧವನ್ನು ಕತ್ತರಿಸಿ ತೆಗೆಯಿರಿ. ಕೆಳಗಿನ ಅರ್ಧದಲ್ಲಿ, ತಳದ ಹತ್ತಿರ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ಮೇಲಂಚಿಗೆ ಮೂರು ದಾರ ಕಟ್ಟಿ ಒಟ್ಟುಗೂಡಿಸಿ ತೂಗುಹಾಕಿ. ನೀರು ತುಂಬಿ, ತೂತಿನಿಂದ ನೀರು ಎಷ್ಟು ದೂರ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಈಗ ದಾರವನ್ನು ಚೆನ್ನಾಗಿ ತಿರುಚಿ ಬಿಡಿ. ಬಾಟಲಿ ಗಿರ್ರನೆ ತಿರುಗುವಾಗ ನೀರು ಎಲ್ಲಿಯವರೆಗೆ ಹೋಯಿತು? ಅಂಗಳದಲ್ಲಿ ಮಾಡಿ, ಗಿಡಗಳಿಗೂ ನೀರಾಗುತ್ತದೆ.

ಆ ಸವೆದ ಪಂಪನ್ನು ಮೆಕ್ಯಾನಿಕ್ ನನಗೆ ಕೊಟ್ಟರು. ಅದೀಗ ಕುರುಗೋಡಿನ ಆ ಶಾಲೆಯ ವಿಜ್ಞಾನ ಕಪಾಟಿನಲ್ಲಿದೆ. ನಿಮ್ಮ ಶಾಲೆಗೆ ಬರುವಾಗ ತರುತ್ತೇನೆ, ದಂಡ ಅಲುಗಾಡಿಸಿ ನೋಡುವಿರಂತೆ. ಅಷ್ಟರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿಡಿ. ಒಂದು ಕಾರಿನ ಮುಳ್ಳು ಪೇಟೆಯಲ್ಲಿ ನಿಂತು ನಿಂತು ಹೋಗುವಾಗ ಮೇಲೇರುತ್ತದೆ, ಸಿರುಗುಪ್ಪ ರಸ್ತೆಗೆ ಬಂದು ವೇಗವಾಗಿ ಓಡಿದಾಗ ಮತ್ತೆ ನಡುವಿಗೆ ಇಳಿಯುತ್ತದೆ. ನೀರಿನ ಮಟ್ಟ ಸರಿಯಾಗಿದೆ, ಕೆಳಗೆ ಹನಿಯಿಲ್ಲ. ಕೆಟ್ಟಿರುವುದು ವಾಟರ್ ಪಂಪೋ, ರೇಡಿಯೇಟರಿನ ಫ್ಯಾನೋ? ಹೇಗೆ ಹೇಳುವಿರಿ?